ಮೂರು ಮಾರಿನ ದೋಣಿ

ನಮ್ಮ ಮನೆಯ ಬಚ್ಚಲಿನ ಗೂಟದಲ್ಲಿ ಬಾಗಿದ ಒಂದು ಮರದ ಪಟ್ಟಿ ನೇತಾಡುತ್ತಿದೆ. ಅಗಲ ಒಂದು ಹೆಬ್ಬೆರಳಿನಷ್ಟು, ಉದ್ದ ಸುಮಾರು ಎರಡು ಮೊಳ. ಬಂದ ನೆಂಟರೆಲ್ಲ ಅದನ್ನು ಬೆನ್ನು ಉಜ್ಜುವ ಸಾಧನವೆಂದೇ ತಿಳಿದು, ಉಜ್ಜಿಕೊಂಡು ಹೊರಬಂದು, "ತುಂಬಾ ಚೆನ್ನಾಗಿದೆ ಕಣ್ರೀ, ಎಲ್ಲಿ ತಗೊಂಡ್ರಿ?" ಎಂದು ಕೇಳುತ್ತಾರೆ. ಅದು ದೋಣಿಯ ಪಕ್ಕೆಲುಬು ಎಂದರೆ ನಗುತ್ತಾರೆ. ಆ ದೋಣಿಯನ್ನು ಕಟ್ಟಿದವಳು ನಾನೇ ಎಂದರೆ ನಗುವುದನ್ನೂ ನಿಲ್ಲಿಸಿ, ಪಾಪ ಎನ್ನುವಂತೆ ನೋಡುತ್ತಾರೆ. ತಪ್ಪು ಅವರದ್ದಲ್ಲ. ನನ್ನ ಕೈಯಲ್ಲಿ ಒಂದು ಮೊಳೆ ಕೂಡ ಗೋಡೆಗೆ ನೆಟ್ಟಗೆ ಇಳಿದದ್ದಿಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಕೆಲಸ ಟೆಸ್ಟಿಂಗ್. ಅಂದರೆ ಬೇರೆಯವರು ಬೆವರು ಸುರಿಸಿ ಕಟ್ಟಿದ್ದರಲ್ಲಿ ತಪ್ಪು ಹುಡುಕುವುದು. ಇಪ್ಪತ್ತು ವರ್ಷ ಇದನ್ನೇ ಮಾಡಿದವಳಿಗೆ ತಾನೇ ಏನಾದರೂ ಕಟ್ಟಬೇಕು ಅನ್ನಿಸಿದರೆ ಅದು ರೋಗದ ಲಕ್ಷಣವೇ ಸರಿ. ರೋಗದ ಕಾಲವೂ ಅದೇ ಆಗಿತ್ತು.

ಕೊರೋನಾ ಬಂದ ವರ್ಷ ಫೆಬ್ರವರಿಯಲ್ಲಿ ನನ್ನ ಅತ್ತೆ ಕೊಪ್ಪಳದಿಂದ ಡಚ್ಚರ ನಾಡಿನ ಹಾರ್ಲೆಮ್‌ನ ನಮ್ಮ ಮನೆಗೆ ಮೂರು ತಿಂಗಳ ಮಟ್ಟಿಗೆ ಬಂದರು. ಟ್ಯೂಲಿಪ್ ನೋಡಿಕೊಂಡು ಹೋಗುವುದೆಂದು ಲೆಕ್ಕ. ಟ್ಯೂಲಿಪ್ ಅರಳಿದವು, ಉದುರಿದವು, ವಿಮಾನ ಮಾತ್ರ ಹಾರಲಿಲ್ಲ. ಹಾರತೊಡಗಿದ ಮೇಲೂ "ಈ ವಯಸ್ಸಿನಲ್ಲಿ ಈಗ ಬೇಡ" ಎಂದು ಊರಿನ ದೊಡ್ಡ ಮಗ, "ಇನ್ನೊಂದು ತಿಂಗಳು ನೋಡೋಣ" ಎಂದು ನನ್ನ ಗಂಡ ಗಿರೀಶ. ಹೀಗೆ ಇಬ್ಬರು ಗಂಡುಮಕ್ಕಳು ಫೋನಿನಲ್ಲಿ ನಿರ್ಧರಿಸುತ್ತ ಹೋದರು. ಅತ್ತೆಯನ್ನು ಯಾರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಲಿಲ್ಲ.

ನಮ್ಮದು ಸಾಲುಮನೆ, ಎರಡೂ ಕಡೆ ಗೋಡೆ ಹಂಚಿಕೊಂಡಿರುವಂಥದ್ದು. ಮೇಲಿನ ಮಲಗುವ ಕೋಣೆಯಲ್ಲಿ ಗಿರೀಶನ ಮೀಟಿಂಗು. ಊಟದ ಮೇಜಿನ ಮೇಲೆ ಹತ್ತು ವರ್ಷದ ಮಗಳು ಇಳಾಳ ಡಚ್ ಶಾಲೆ. ಸೋಫಾದ ಮೇಲೆ ಅತ್ತೆ ಮತ್ತು ಅವರ ಫೋನು. ನನ್ನ ಆಫೀಸು ಮೆಟ್ಟಿಲ ಕೆಳಗೆ, ಕಸ ಗುಡಿಸುವ ಯಂತ್ರದ ಪಕ್ಕ. ಕೊಪ್ಪಳದಿಂದ ಮಾವ ದಿನಕ್ಕೆ ಏಳೆಂಟು ಸಲ ವಿಡಿಯೋ ಕರೆ ಮಾಡುತ್ತಿದ್ದರು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆಯ ನಡುವೆ ಕೂತು, ತಮ್ಮ ಕನ್ನಡಕ ಎಲ್ಲಿದೆ ಎಂದು ಸಮುದ್ರದಾಚೆಯ ಹೆಂಡತಿಯನ್ನು ಕೇಳುತ್ತಿದ್ದರು. "ಪಡಸಾಲ್ಯಾಗ, ರೇಡಿಯೋದ ಹಿಂದ ನೋಡ್ರಿ" ಎಂದು ಅತ್ತೆ ಹೇಳುವುದು, ಅದು ಅಲ್ಲೇ ಇರುವುದು. ಆಮೇಲೆ ಗಿರೀಶ ಮೇಲಿನಿಂದ "ಅವ್ವಾ, ಚಾ" ಎನ್ನುವುದು, ಇಳಾ "ಅಜ್ಜೀ, ಹಂಗ್ರೀ" ಎನ್ನುವುದು, ನಾನು ಮೆಟ್ಟಿಲ ಕೆಳಗಿನಿಂದ "ಅತ್ತೆ, ಕುಕ್ಕರ್ ಆಫ್ ಮಾಡ್ತೀರಾ?" ಎನ್ನುವುದು.

ನನಗೆ ಬೇಕಿದ್ದದ್ದು ಒಂದೇ. ಒಂದು ಗಂಟೆ ನಾನೊಬ್ಬಳೇ ಇರಬೇಕು. ಮನೆಯಲ್ಲಿ ಅಂಥ ಜಾಗವೆಂದರೆ ಪಾಯಿಖಾನೆ. ಇಲ್ಲಿಯ ಜನ ನೆಂಟರಿಷ್ಟರ ಹುಟ್ಟುಹಬ್ಬಗಳ ಕ್ಯಾಲೆಂಡರನ್ನು ಪಾಯಿಖಾನೆಯಲ್ಲೇ ತೂಗುಹಾಕುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ನಾನೂ ಹಾಕಿದ್ದೆ. ಮುಚ್ಚಳದ ಮೇಲೆ ಕೂತು, ಚಿಕ್ಕಮ್ಮನ ಮಗನ ಹುಟ್ಟುಹಬ್ಬ ಎಂದು ಬರುತ್ತದೆ ಎಂದು ಓದುತ್ತ, ಸಿಕ್ಕ ಐದು ನಿಮಿಷದಲ್ಲಿ ಪ್ರಪಂಚವನ್ನು ಮರೆಯಲು ನೋಡುತ್ತಿದ್ದೆ. ಆರನೇ ನಿಮಿಷಕ್ಕೆ ಬಾಗಿಲು ಬಡಿಯುತ್ತಿತ್ತು.

ಅಲ್ಲೇ ಕೂತಿದ್ದಾಗ ಫೋನಿನಲ್ಲಿ ಆ ದೋಣಿಯ ವಿಡಿಯೋ ಕಣ್ಣಿಗೆ ಬಿತ್ತು. ಹಿಮದ ನಾಡಿನ ಬೇಟೆಗಾರರು ಕಟ್ಟುತ್ತಿದ್ದ ರೀತಿಯ ಕಯಾಕ್. ಮರದ ಪಟ್ಟಿಗಳನ್ನು ಮೊಳೆಯಿಲ್ಲದೆ ದಾರದಲ್ಲಿ ಬಿಗಿದು ಅಸ್ಥಿಪಂಜರ ಮಾಡುವುದು, ಮೇಲೆ ಬಟ್ಟೆ ಹೊದಿಸಿ ಚರ್ಮದಂತೆ ಬಿಗಿಯಾಗಿ ಹೊಲಿಯುವುದು, ನೀರು ಇಳಿಯದಂತೆ ಅಂಟು ಬಳಿಯುವುದು. ಹಿಂದೆ ಸೀಲ್ ಪ್ರಾಣಿಯ ಚರ್ಮವಂತೆ, ಈಗ ನೈಲಾನ್. ಅದೆಲ್ಲ ಇರಲಿ, ನನ್ನ ಮನಸ್ಸು ಹಿಡಿದದ್ದು ದೋಣಿಯ ನಡುವೆ ಇದ್ದ ಒಂದೇ ಒಂದು ದುಂಡನೆಯ ತೂತು. ಒಬ್ಬರು ಇಳಿದು ಕೂತರೆ ಭರ್ತಿಯಾಯಿತು. "ನಾನೂ ಬರ್ತೀನಿ" ಎನ್ನಲು ಪಕ್ಕದಲ್ಲಿ ಜಾಗವೇ ಇಲ್ಲ. ಇದಕ್ಕಿಂತ ಒಳ್ಳೆಯ ವಾಹನವನ್ನು ಮನುಷ್ಯ ಈವರೆಗೆ ಮಾಡಿಲ್ಲ ಎಂದು ನನಗೆ ಆ ಕ್ಷಣ ಖಚಿತವಾಯಿತು. ಈಜು ಬರುವುದಿಲ್ಲ ಎಂಬುದು ಆಗ ನೆನಪಾಗಲಿಲ್ಲ.

ಗಿರೀಶನಿಗೆ ವ್ಯಾಯಾಮಕ್ಕೆ ಎಂದೆ. ಇಳಾಳಿಗೆ ಸೈನ್ಸ್ ಪ್ರಾಜೆಕ್ಟ್ ಎಂದೆ. ಮೈಸೂರಿನ ಅಮ್ಮನಿಗೆ ಏನೂ ಹೇಳಲಿಲ್ಲ. ನಿಜವಾದ ಕಾರಣವನ್ನು ಈಗ ನಿಮಗೇ ಮೊದಲು ಹೇಳುತ್ತಿರುವುದು.

ಪಕ್ಕದ ಮನೆಯ ಪೀಟ್ ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾದವರು. ಚಳಿಗಾಲದಲ್ಲೂ ಕಯಾಕ್ ತೆಗೆದುಕೊಂಡು ಸಮುದ್ರಕ್ಕೆ ಹೋಗುವ ಆಸಾಮಿ. ಅವರ ಹಿತ್ತಲಿನ ಶೆಡ್ಡಿನಲ್ಲಿ ಕೆಲಸ ಶುರುವಾಯಿತು, ಸರ್ಕಾರ ಹೇಳಿದ ಒಂದೂವರೆ ಮೀಟರ್ ಅಂತರದಲ್ಲಿ. ಅವರು ಗರಗಸ ಇಟ್ಟು ಹಿಂದೆ ಸರಿಯುವುದು, ನಾನು ಮುಂದೆ ಬಂದು ಎತ್ತಿಕೊಳ್ಳುವುದು. ನೋಡಿದವರು ಏನೋ ಪೂಜೆ ನಡೆದಿದೆ ಎಂದುಕೊಳ್ಳಬೇಕು. ಅತ್ತೆ ಸೆರಗು ಹೊದ್ದು, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮೊದಲ ದಿನವೇ ಚಿತ್ರ ನೋಡಿ ತೀರ್ಪು ಕೊಟ್ಟರು.

"ಇದು ಹರಿಗೋಲ ಅಲ್ಲೇನವಾ ಸುಮಾ? ಉದ್ದಕ ಎಳದಾರ ಅಷ್ಟ."

ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿ ಬೆಳೆದವರು. ಬಿದಿರು ಹೆಣೆದು ಚರ್ಮ ಹೊದಿಸುತ್ತಿದ್ದ ಹರಿಗೋಲಿನಲ್ಲಿ ಹೊಳೆ ದಾಟಿ ಶಾಲೆಗೆ ಹೋದವರು. ನಾನು ಮೂರು ವಾರ ವಿಡಿಯೋ ನೋಡಿ ತಿಳಿದುಕೊಂಡದ್ದನ್ನು ಅವರು ಮೂರನೇ ತರಗತಿಯಲ್ಲೇ ತಿಳಿದಿದ್ದರು. ನನಗೆ ಇದು ಸ್ವಲ್ಪವೂ ಹಿಡಿಸಲಿಲ್ಲ.

ಈ ದೋಣಿಗೆ ನಕ್ಷೆ ಇಲ್ಲ. ಯಾರು ಕೂರುತ್ತಾರೋ ಅವರ ಮೈಯೇ ಅಳತೆ. ಕೈ ಚಾಚಿದರೆ ಒಂದು ಬೆರಳ ತುದಿಯಿಂದ ಇನ್ನೊಂದು ಬೆರಳ ತುದಿಯವರೆಗೆ ಎಷ್ಟೋ ಅದು ಒಂದು ಮಾರು. ಮೂರು ಮಾರು ದೋಣಿಯ ಉದ್ದ. ಸೊಂಟದ ಅಗಲಕ್ಕೆ ಎರಡು ಮುಷ್ಟಿ ಸೇರಿಸಿದರೆ ದೋಣಿಯ ಅಗಲ. ಇದನ್ನು ಓದಿದಾಗ ನನಗೆ ಮೈಸೂರಿನ ಮಾರುಕಟ್ಟೆಯ ಹೂವಿನ ಸಾಲು ನೆನಪಾಯಿತು. ನಮ್ಮಮ್ಮ ಹೂ ಕೊಳ್ಳುತ್ತಿದ್ದ ಅಂಗಡಿಯಲ್ಲಿ ಗಂಡ ಹೆಂಡತಿ ಇಬ್ಬರೂ ಕೂರುತ್ತಿದ್ದರು. ಗಂಡ ಆರಡಿ, ಹೆಂಡತಿ ಅವನ ಭುಜಕ್ಕೂ ಬಾರಳು. ಹೂ ಕಟ್ಟುವುದು ಗಂಡನಾದರೂ ಅಳೆಯುವ ಹೊತ್ತಿಗೆ ದಾರ ಹೆಂಡತಿಯ ಕೈಗೆ ಹೋಗುತ್ತಿತ್ತು. ಅಮ್ಮ ಬಿಡುತ್ತಿರಲಿಲ್ಲ. "ನಿಮ್ಮ ಯಜಮಾನ್ರು ಅಳೀಲಿ ಬಿಡಮ್ಮ, ನಿಂಗ್ಯಾಕೆ ತೊಂದ್ರೆ" ಎಂದು ನಯವಾಗಿ ಹೇಳುತ್ತಿದ್ದಳು. ಆಕೆ ಅಷ್ಟೇ ನಯವಾಗಿ "ಅವ್ರಿಗೆ ಭುಜ ನೋವು ಕಣಮ್ಮ" ಎನ್ನುತ್ತಿದ್ದಳು. ನಾನು ಶಾಲೆ ಮುಗಿಸಿ ಕೆಲಸಕ್ಕೆ ಸೇರುವವರೆಗೂ ಆ ಮನುಷ್ಯನ ಭುಜ ವಾಸಿಯಾಗಲಿಲ್ಲ. ಅಳತೆಯಲ್ಲಿ ಯಾರ ಕೈ ಎಂಬುದೇ ಮುಖ್ಯವೆಂದು ಅಷ್ಟು ಚಿಕ್ಕಂದಿನಲ್ಲೇ ಕಂಡವಳು ನಾನು. ಕಂಡದ್ದು ಉಪಯೋಗಕ್ಕೆ ಬರಲಿಲ್ಲ ಅಷ್ಟೆ.

ಅಳತೆಯ ದಿನ ಬೆಳಿಗ್ಗೆ ಇದ್ದಕ್ಕಿದ್ದಂತೆ ಮೀಟಿಂಗು ಬಂತು. ಪೀಟ್ ಟೇಪು, ಪೆನ್ಸಿಲು, ನೋಟುಬುಕ್ಕು ಹಿಡಿದು ಶೆಡ್ಡಿನಲ್ಲಿ ಕಾಯುತ್ತಿದ್ದರು. ನಾನು ಮೆಟ್ಟಿಲ ಕೆಳಗೆ ಹೊಕ್ಕವಳು ಒಂದೂವರೆ ಗಂಟೆಯ ಮೇಲೆ ಹೊರಬಂದೆ. ಅಷ್ಟರಲ್ಲಿ ಉದ್ದನೆಯ ಪಟ್ಟಿಗಳ ಮೇಲೆ ಗುರುತು ಬಿದ್ದು, ಕೊಯ್ದು, ತುದಿ ಉಜ್ಜಿಯೂ ಆಗಿತ್ತು. "ಅಳತೆ ಎಲ್ಲ ಮುಗಿಯಿತು" ಎಂದು ಪೀಟ್ ಇಂಗ್ಲಿಷಿನಲ್ಲಿ ಸಂತೋಷದಿಂದ ಹೇಳಿದರು. ಹಿಂದಿನ ವಾರ ಮಾತಿನ ನಡುವೆ ನನ್ನ ಎತ್ತರ ಕೇಳಿದ್ದರಲ್ಲ, ಅದರಿಂದ ಲೆಕ್ಕ ಹಾಕಿರಬೇಕು ಎಂದುಕೊಂಡು ನಾನೂ ಸಂತೋಷಪಟ್ಟೆ. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ಎಣಿಸುವವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆಮೇಲೆ ಪಕ್ಕೆಲುಬುಗಳನ್ನು ಬಗ್ಗಿಸುವ ಕೆಲಸ. ಮರದ ಪಟ್ಟಿಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಿದ್ದಾಗಲೇ ಮಂಡಿಯ ಮೇಲಿಟ್ಟು ಬಾಗಿಸಬೇಕು. ಹಬೆಗೆ ಏನು ಮಾಡುವುದೆಂದು ಪೀಟ್ ತಲೆ ಕೆರೆದುಕೊಳ್ಳುತ್ತಿದ್ದಾಗ ಅತ್ತೆ ಒಳಹೋಗಿ, ಊರಿಂದ ತಂದಿದ್ದ ತಮ್ಮ ಕುಕ್ಕರ್ ಹೊತ್ತು ತಂದರು. ಸೀಟಿ ತೆಗೆದು, ಅಲ್ಲಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಅದನ್ನು ಮರದ ಪೆಟ್ಟಿಗೆಗೆ ಬಿಟ್ಟೆವು. ಐವತ್ತು ವರ್ಷ ಬೇಳೆ ಬೇಯಿಸಿದವರಿಗೆ ಮರದ ಹದ ಗೊತ್ತಾಗದೇ ಇರುತ್ತದೆಯೇ? "ಇನ್ನೂ ಗಟ್ಟಿ ಐತಿ, ತಡಿ" ಎನ್ನುವರು. ನಾನು ಅವಸರಪಟ್ಟು ತೆಗೆದದ್ದೆಲ್ಲ ಟಪ್ ಎಂದು ಮುರಿಯಿತು. ಅವರು ತೆಗೆ ಎಂದಾಗ ತೆಗೆದದ್ದು ಕಿವಿ ಹಿಂಡಿದ ಹಾಗೆ ಬಾಗಿತು. ಪೀಟ್ ಅತ್ತೆಯನ್ನು "ಮೆವ್ರೌ" ಎಂದು ಕರೆಯತೊಡಗಿದರು, ಅಂದರೆ ಅಮ್ಮನವರೆ ಎಂದು. ಅತ್ತೆ ಪೀಟ್‌ರನ್ನು ಪೀಟಪ್ಪ ಮಾಡಿದರು. ಇಬ್ಬರಿಗೂ ಸಮಾನವಾದ ಒಂದು ಭಾಷೆಯೂ ಇರಲಿಲ್ಲ, ಆದ್ದರಿಂದ ಒಂದು ಜಗಳವೂ ಆಗಲಿಲ್ಲ.

ಬಟ್ಟೆ ಹೊಲಿಯುವ ಹೊತ್ತಿಗೆ ನಾನು ಪೂರ್ತಿ ಕೂಲಿಯಾಳಾಗಿದ್ದೆ. ಜೀವಮಾನವೆಲ್ಲ ಹಳೆ ಸೀರೆಗಳ ಕೌದಿ ಹೊಲಿದ ಕೈ ಅತ್ತೆಯದು. ನಾನು ಹಾಕಿದ ಒಂದು ಮೊಳದ ಹೊಲಿಗೆಯನ್ನು ಸದ್ದಿಲ್ಲದೆ ಬಿಚ್ಚಿ, ಮೂಗಿನಿಂದ ಬಾಲದವರೆಗೆ ತಾವೇ ಹೊಲಿದರು. ಕೇಸರಿಬಣ್ಣದ ನೈಲಾನ್ ತಮಟೆಯಂತೆ ಬಿಗಿಯಿತು. ಅಂಟು ಒಣಗಿದ ಮೇಲೆ ದೋಣಿಗೆ ಕುಂಕುಮ ಇಟ್ಟರು. ಚಕ್ರ ಇಲ್ಲದ ವಾಹನಕ್ಕೆ ನಿಂಬೆಹಣ್ಣು ಎಲ್ಲಿಡುವುದೆಂದು ಸ್ವಲ್ಪ ಹೊತ್ತು ಚರ್ಚೆಯಾಗಿ, ಕೊನೆಗೆ ಅದು ಪಾನಕವಾಯಿತು.

ಹುಲ್ಲಿನ ಮೇಲೆ ಇಟ್ಟು, ಎಲ್ಲರೂ ನೋಡುತ್ತಿರುವಾಗ, ನಾನು ತೂತಿನೊಳಗೆ ಕಾಲು ಇಳಿಸಿದೆ. ತೊಡೆಯವರೆಗೆ ಹೋಯಿತು. ಆಮೇಲೆ ಹೋಗಲಿಲ್ಲ. ಒತ್ತಿದೆ, ಹೊರಳಿದೆ, ಉಸಿರು ಹಿಡಿದೆ. ಹೋಗಲಿಲ್ಲವೆಂದು ಮೇಲೇಳಲು ನೋಡಿದರೆ ಅದೂ ಆಗಲಿಲ್ಲ. ಪೀಟ್ ಒಂದೂವರೆ ಮೀಟರ್ ದೂರದಿಂದ ಸಲಹೆ ಕೊಟ್ಟರು. ಇಳಾ ಫೋಟೋ ತೆಗೆದಳು. ಅತ್ತೆ ಅಡುಗೆಮನೆಯಿಂದ ಎಣ್ಣೆ ತಂದು ಸವರಿ, ಗಿರೀಶನೂ ಅವರೂ ತಲಾ ಒಂದು ಕೈ ಹಿಡಿದು ಎಳೆದರು.

"ಲಾಕ್‌ಡೌನ್ ಎಫೆಕ್ಟ್" ಎಂದ ಗಿರೀಶ. ಅವನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ತಪ್ಪು ನನ್ನ ಸೊಂಟದ್ದೇ ಎಂದು ನಂಬಿದೆ. ಅಷ್ಟು ತಿಂಗಳು ಮೆಟ್ಟಿಲ ಕೆಳಗೆ ಕೂತು ಬೋಂಡ ತಿಂದದ್ದು ಸುಳ್ಳಲ್ಲವಲ್ಲ. ಆರು ವಾರ ಅನ್ನ ಬಿಟ್ಟೆ. ಸೌತೆಕಾಯಿ ತಿಂದೆ, ಸೊಪ್ಪಿನ ನೀರು ಕುಡಿದೆ. ಮನೆಯಲ್ಲಿ ಹೋಳಿಗೆ ಬೇಯುವ ವಾಸನೆಗೆ ಹೊರಗೆ ಮಳೆಯಲ್ಲಿ ನಡೆದೆ. ಕನಸಿನಲ್ಲೂ ನನಗೆ ಸಮುದ್ರವಾಗಲೀ ಏಕಾಂತವಾಗಲೀ ಬರುತ್ತಿರಲಿಲ್ಲ, ಬಿಸಿಬೇಳೆಬಾತ್ ಬರುತ್ತಿತ್ತು. ಆರು ವಾರದ ಮೇಲೆ ಕೂತು ನೋಡಿದರೆ ದೋಣಿ ಎರಡು ಬೆರಳು ಹೆಚ್ಚು ಒಳಗೆ ಬಿಟ್ಟುಕೊಂಡಿತು, ಅಷ್ಟೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆಯನ್ನು ಮೈಮೇಲೆ ಎಳೆದುಕೊಳ್ಳಲು ಹೆದರುತ್ತಲೇ ಪೀಟ್ ಬಳಿ ಹೋಗಿ, ತೂತಿನ ಅಳತೆ ಇನ್ನೊಮ್ಮೆ ನೋಡಬಹುದೇ ಎಂದು ಕೇಳಿದೆ. ಅವರು ನೋಟುಬುಕ್ಕು ತೆರೆದರು. ಅಲ್ಲಿ ಪೆನ್ಸಿಲಿನಲ್ಲಿ ಬಿಡಿಸಿದ ಪುಟ್ಟ ಹೆಂಗಸು. ಕೈ ಎರಡೂ ಚಾಚಿದ್ದಾಳೆ. ಸೀರೆ ಉಟ್ಟಿದ್ದಾಳೆ. ತುರುಬು ಕೂಡ ಇದೆ.

"ಇದು ನಮ್ಮ ಅತ್ತೆ" ಎಂದೆ.

"ಹೌದು. ಯಾರ ಅಳತೆ ಎಂದು ಕೈಸನ್ನೆಯಲ್ಲಿ ಕೇಳಿದೆ. ಮೆವ್ರೌ ಕೈ ಚಾಚಿ ನಿಂತರು. ದೋಣಿ ಅವರದ್ದಲ್ಲವೇ? ಅವತ್ತು ನೀವು ತಮಾಷೆಗೆ ಕೂತದ್ದು ಎಂದುಕೊಂಡೆ" ಎಂದರು ಪೀಟ್.

ನೆಲ ನಿಜಕ್ಕೂ ಡೊಂಕಾಗಿತ್ತು. ಅದನ್ನು ತಿಳಿದು ಖುಷಿಪಡಬೇಕಿತ್ತು, ನನಗೆ ಅಳು ಬಂತು. ಪಾಯಿಖಾನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ದೋಣಿಗಾಗಿ ಅಲ್ಲ, ಸೌತೆಕಾಯಿಗಾಗಿಯೂ ಅಲ್ಲ. ನನಗೆಂದು ಒಂದೇ ಒಂದು ಜಾಗ ಮಾಡಿಕೊಳ್ಳಲು ಹೋದರೆ ಅದರಲ್ಲೂ ಮನೆ ಹೊಕ್ಕು ಕೂತುಬಿಟ್ಟಿತಲ್ಲ ಎಂದು. ಆರನೇ ನಿಮಿಷಕ್ಕೆ ಬಾಗಿಲು ಬಡಿಯಿತು. ತೆರೆದರೆ ಅತ್ತೆ ನಿಂತಿದ್ದರು.

"ನಿಮ್ಮ ಅಳತೆ ಯಾಕೆ ಕೊಟ್ರಿ?" ಎಂದು ನೇರವಾಗಿ ಕೇಳಿದೆ.

ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಮನಿ ಕಟ್ಟುವಾಗ ಮನಿ ಹಿರೇರ ಮೊಳ ಹಿಡೀತಾರಲ್ಲವಾ? ಗಿರೀಶನಪ್ಪ ಇಲ್ಲಿಲ್ಲ, ಹಿಂಗಾಗಿ ನಾ ನಿಂತೆ. ಹಿರೇರ ಅಳತಿ ಇದ್ರ ಎಲ್ಲಾರಿಗೂ ಹೊಂದತೈತಿ ಅಂತಾರ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆರು ವಾರ ನೀ ಉಪಾಸ ಮಾಡಿದ್ದು ಇದಕ್ಕೇನು? ನಾ ಏನೋ ಹರಕಿ ಹೊತ್ತೀ ಅನ್ಕೊಂಡಿದ್ದೆ" ಎಂದರು.

ಹಿರಿಯರ ಮೊಳ ಎಲ್ಲರಿಗೂ ಹೊಂದುತ್ತದೆ ಎಂಬುದು ಮನೆಯ ವಿಷಯದಲ್ಲಿ ನಿಜವೋ ಏನೋ. ದೋಣಿಯಲ್ಲಿ ಅದು ಐದು ಅಡಿಯ, ಕಡ್ಡಿಯಂಥ ಹಿರಿಯರೊಬ್ಬರಿಗೆ ಮಾತ್ರ ಹೊಂದಿತು. ಕಟ್ಟಿದ್ದು ಹಾಳಾಗಬಾರದೆಂದು ಅತ್ತೆಯನ್ನೇ ಕೂರಿಸಿ ನೋಡಿದೆವು. ಬಳೆಯೊಳಗೆ ಕೈ ಹೋದ ಹಾಗೆ ಇಳಿದರು.

ಮೊದಲು ಮನೆಯ ಹಿಂದಿನ ಕಾಲುವೆಯಲ್ಲಿ. ಪೀಟ್‌ರ ಮಗಳ ಹಳೆಯ ರಬ್ಬರ್ ಅಂಗಿ, ನೀರು ಒಳಗೆ ಬಾರದಂಥದ್ದು. ಅದರೊಳಗೆ ಗಿರೀಶನ ಉಣ್ಣೆ ಪೈಜಾಮ. ಕತ್ತಿನ ಬಿಗಿ ಪಟ್ಟಿಯಿಂದ ತಲೆ ಹೊರಬಂದಾಗ ಅತ್ತೆ "ಮತ್ತೊಂದ್ ಸಲ ಹುಟ್ಟಿ ಬಂದಂಗಾತು" ಎಂದರು. ಮಗುಚಿ ಬೀಳುವುದನ್ನೂ ಮೇಲೇಳುವುದನ್ನೂ ಪೀಟ್ ಕಡ್ಡಾಯವಾಗಿ ಕಲಿಸಿದರು. ಆ ಚಳಿಯ ನೀರಿನಲ್ಲಿ ಮುಳುಗಿ ಎದ್ದು, ಮೂಗು ಸೀನಿ, ಅತ್ತೆ ಮತ್ತೆ ಹತ್ತಿ ಕೂತರು. ಒಂದು ತಿಂಗಳು ದಿನವೂ ಹೋದರು. ಆದರೆ ಕಾಲುವೆಯೆಂದರೆ ಮನೆಯ ಇನ್ನೊಂದು ಕೋಣೆ. ಗಿರೀಶ ಕಿಟಕಿಯಿಂದ "ಅವ್ವಾ, ಚಳಿ ಐತಿ, ಸಾಕು ಬಾ" ಎನ್ನುವನು. ಇಳಾ ಸೇತುವೆಯಿಂದ "ಅಜ್ಜೀ, ಲುಕ್ ಹಿಯರ್" ಎನ್ನುವಳು. ನಾನು ದಡದಲ್ಲಿ ಹಗ್ಗ ಹಿಡಿದು ಎಡ, ಬಲ ಎನ್ನುವೆ. ನನಗೆ ಈಜು ಬಾರದಿದ್ದರೂ ಸೂಚನೆ ಕೊಡಲು ಬರುತ್ತಿತ್ತು.

ಒಂದು ದಿನ ಅತ್ತೆಯೇ ಕೇಳಿದರು. "ಸಮುದ್ರ ಎಷ್ಟ್ ದೂರವಾ?"

ನವೆಂಬರಿನಲ್ಲಿ, ಗಾಳಿಯೇ ಇಲ್ಲದ ಒಂದು ಬೆಳಿಗ್ಗೆ, ದೋಣಿಯನ್ನು ಕಾರಿನ ಮೇಲೆ ಕಟ್ಟಿಕೊಂಡು ನೂರ್ಡ್‌ವೈಕ್‌ಗೆ ಹೋದೆವು. ಸಮುದ್ರ ಬೂದಿ ಬಣ್ಣದ್ದು, ಕಾಯಿಸಿಟ್ಟ ಹಾಲಿನಂತೆ ಅಲುಗದೆ ಮಲಗಿತ್ತು. ಪೀಟ್ ತಮ್ಮ ಕಯಾಕಿನಲ್ಲಿ ನೂರು ಹೆಜ್ಜೆ ಹಿಂದೆ ಇರುವುದೆಂದು ಮಾತಾಯಿತು. ಅತ್ತೆ ಸಣ್ಣ ಅಲೆಗಳನ್ನು ದಾಟಿದರು, ದಡಕ್ಕೆ ಸಮನಾಗಿ ಸ್ವಲ್ಪ ದೂರ ಹುಟ್ಟು ಹಾಕಿದರು. ಆಮೇಲೆ ದೋಣಿಯ ಮೂಗನ್ನು ತಿರುಗಿಸಿ ನೆಟ್ಟಗೆ ಒಳಗೆ ಹೊರಟುಬಿಟ್ಟರು.

"ಅತ್ತೇ! ಸಾಕು! ತಿರುಗಿ!" ಎಂದು ಕೂಗಿದೆ. ಮರಳಿನಲ್ಲಿ ಓಡುತ್ತ ಕೂಗಿದೆ. ಅವರ ಫೋನು ನನ್ನ ಜೇಬಿನಲ್ಲಿತ್ತು, ಅದು ರಿಂಗಾಯಿತು. ಮಾವ. "ಸುಮವ್ವಾ, ಆಕಿ ಎಲ್ಲಿ? ನನ್ನ ಸ್ವೆಟರ್ ಎಲ್ಲಿಟ್ಟಾಳ ಕೇಳು." ನಾನು ದನಿ ಪೂರ್ತಿ ಏರಿಸಿ, ಫೋನನ್ನು ಸಮುದ್ರದ ಕಡೆ ತಿರುಗಿಸಿ, ದೂರದ ಕೇಸರಿ ಗೆರೆ ತೋರಿಸಿದೆ. ಮಾವ ಕ್ಷಣಕಾಲ ನೋಡಿ, ಕೊಪ್ಪಳದಿಂದಲೇ "ಏ! ಏ ಇವಳ!" ಎಂದು ಕೂಗಿದರು. ಹೀಗೆ ಎರಡು ದೇಶಗಳಿಂದ ಇಬ್ಬರೂ ಸೇರಿ ಕರೆದೆವು. ನಾಯಿ ತಿರುಗಾಡಿಸಲು ಬಂದಿದ್ದ ಜನ ನಿಂತು ನೋಡಿದರು. "ಅಮ್ಮಾ, ಲೆಟ್ ಹರ್ ಬೀ" ಎಂದಳು ಇಳಾ. ಗೆರೆ ಚುಕ್ಕೆಯಾಯಿತು, ಚುಕ್ಕೆ ಒಂದು ಕಡೆ ನಿಂತಿತು. ಅದರಿಂದ ದೂರದಲ್ಲಿ ಪೀಟ್‌ರ ಇನ್ನೊಂದು ಚುಕ್ಕೆಯೂ ಸುಮ್ಮನೆ ನಿಂತಿತು.

ಒಂದು ಗಂಟೆಯಾಯಿತು. ನಾಯಿಯವರೂ ಹೋಗಿ ಖಾಲಿಯಾದ ಸಮುದ್ರತೀರ, ಮೀಟಿಂಗು ಇಲ್ಲದ ಬೆಳಿಗ್ಗೆ. ಇಳಾ ಕೂಡ ಚಿಪ್ಪು ಆರಿಸಲು ದೂರ ಹೋಗಿದ್ದಳು. ವರ್ಷವಿಡೀ ನಾನು ಬೇಡಿದ್ದ ಒಂದು ಗಂಟೆ ಅದೇ ಆಗಿತ್ತು. ನಾನು ಅದನ್ನು ಗಂಟಲು ಹರಿದುಕೊಳ್ಳುವುದರಲ್ಲಿ ಕಳೆದೆ.

ಅತ್ತೆ ತಾವಾಗಿಯೇ ತಿರುಗಿ ಬಂದರು. ಮೂಗಿನ ತುದಿ ಕೆಂಪಾಗಿತ್ತು. ದೋಣಿಯ ಮೂಗು ಮರಳಿಗೆ ತಾಗಿದ್ದೇ ನಾನು ಫ್ಲಾಸ್ಕಿನ ಚಹಾ ಅವರ ಕೈಗಿಟ್ಟು, ಜತೆಗೇ ಸಿಟ್ಟನ್ನೂ ಸುರಿದೆ. "ಎಷ್ಟು ಸಲ ಕರೆದೆ ಗೊತ್ತಾ ಅತ್ತೆ? ನನ್ನ ಜೀವ ಕೈಲಿ ಹಿಡ್ಕೊಂಡು ನಿಂತಿದ್ದೆ. ಕೇಳಿಸಲೇ ಇಲ್ವಾ?"

ಅತ್ತೆ ದೋಣಿಯಲ್ಲೇ ಕೂತು, ಚಹಾ ಊದಿ, ಒಂದು ಗುಟುಕು ಕುಡಿದರು.

"ಕೇಳಿಸ್ತವಾ. ಛಲೋ ಕೇಳಿಸ್ತು. ಫೋನಿನ್ಯಾಗ ನಿಮ್ಮ ಮಾವ ಒದರಿದ್ದೂ ಕೇಳಿಸ್ತು." ಲೋಟದಿಂದ ಕಣ್ಣೆತ್ತಿ ನನ್ನನ್ನು ನೋಡಿದರು. "ಮದಿವ್ಯಾಗಿ ಐವತ್ತು ವರ್ಷಾತು. ಇವತ್ತೊಂದಿನ ಓ ಅನ್ನಲಿಲ್ಲ ಅಷ್ಟ."

ಅವರು ಚಹಾ ಮುಗಿಸುವವರೆಗೆ ಕಾದು ಲೋಟ ಇಸಿದುಕೊಂಡೆ. ಆಮೇಲೆ ದೋಣಿಯ ಬೆನ್ನಿಗೆ ಎರಡೂ ಕೈ ಕೊಟ್ಟು, ಚಪ್ಪಲಿ ನೆನೆಯುವಷ್ಟು ನೀರಿಗಿಳಿದು, ಮತ್ತೆ ಒಳಗೆ ನೂಕಿದೆ.